ಶಕುನ, ಸುಳಿವು, ಎಚ್ಚರಿಕೆ: ಮುಂದಾಗುವುದನ್ನು ಹೇಳುವ ಇಂಗ್ಲಿಷ್ ಪದಗಳ ಒಳಗುಟ್ಟು

ಈ ಐದು ವಾಕ್ಯಗಳನ್ನು ಕನ್ನಡದಲ್ಲಿ ನಾವು ತಡವರಿಸದೆ ಬರೆಯುತ್ತೇವೆ. ನಾಳೆ ಕರಾವಳಿಯಲ್ಲಿ ಭಾರಿ ಮಳೆಯ ಮುನ್ಸೂಚನೆ ಇದೆ. ಎಡಗೈಗೆ ಹರಿಯುವ ಎದೆನೋವು ಹೃದಯಾಘಾತದ ಮುನ್ಸೂಚನೆ. ಮಾವು ಹೂ ಬಿಟ್ಟದ್ದು ವಸಂತದ ಮುನ್ಸೂಚನೆ. ಹೊರಡುವ ಹೊತ್ತಿಗೆ ದೀಪ ಆರಿದ್ದು ಕೆಡುಕಿನ ಮುನ್ಸೂಚನೆ. ಅಪಘಾತದ ಹಿಂದಿನ ರಾತ್ರಿಯೇ ಅವಳ ಮನಸ್ಸಿಗೆ ಮುನ್ಸೂಚನೆ ಸಿಕ್ಕಿತ್ತು.

ಐದೂ ಒಳ್ಳೆಯ ಕನ್ನಡವೇ. ಇಂಗ್ಲಿಷಿಗೆ ತಿರುಗಿಸಲು ಕೂತಾಗ ಮಾತ್ರ ಐದಕ್ಕೂ ಬೇರೆ ಬೇರೆ ಪದ ಬೇಕಾಗುತ್ತದೆ: ಫೋರ್‌ಕಾಸ್ಟ್, ವಾರ್ನಿಂಗ್ ಸೈನ್, ಹಾರ್ಬಿಂಜರ್, ಓಮನ್, ಪ್ರೆಮೊನಿಷನ್. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ವ್ಯಾಕರಣ ಕೆಡುವುದಿಲ್ಲ, ಅರ್ಥ ಕೆಡುತ್ತದೆ. ಹವಾಮಾನ ಇಲಾಖೆ ಮಳೆಯ ‘ಓಮನ್’ ಕೊಟ್ಟಿದೆ ಎಂದು ಬರೆದರೆ, ಇಲಾಖೆ ಹಕ್ಕಿ ಹಾರಿದ ದಿಕ್ಕು ನೋಡಿ ಶಾಸ್ತ್ರ ಹೇಳಿದಂತಾಗುತ್ತದೆ. ನಿಘಂಟು ತೆರೆದರೆ ಎಲ್ಲದರ ಮುಂದೆಯೂ ಶಕುನ, ಸೂಚನೆ, ಮುನ್ಸೂಚನೆ ಎಂದೇ ಇರುತ್ತದೆ. ಹಾಗಾಗಿ ಪದ ಆರಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ. ಸುಳಿವು ಸಿಕ್ಕಿದ್ದು ಎಲ್ಲಿ, ಆಕಾಶದಲ್ಲೋ, ಮೈಯಲ್ಲೋ, ಮನಸ್ಸಿನೊಳಗೋ, ಕಚೇರಿಯ ಪ್ರಕಟಣೆಯಲ್ಲೋ? ಸುಳಿವಿಗೂ ಮುಂದಾಗುವುದಕ್ಕೂ ಕಾರಣದ ನಂಟು ಇದೆಯೋ, ಬರಿಯ ನಂಬಿಕೆಯೋ? ಕೇಳಿದವರು ಏನಾದರೂ ಮಾಡಬೇಕೋ? ಈ ಪದಗಳ ಹುಟ್ಟಿನ ಕತೆಯಲ್ಲೇ ಬಹುಪಾಲು ಉತ್ತರ ಅಡಗಿದೆ.

ಹಕ್ಕಿಯಿಂದಲೇ ಶುರುಮಾಡೋಣ. ಸಂಸ್ಕೃತದಲ್ಲಿ ‘ಶಕುನ’ ಎಂದರೆ ಮೂಲತಃ ಹಕ್ಕಿ. ಹಕ್ಕಿ ಎತ್ತ ಹಾರಿತು, ಎಲ್ಲಿ ಕೂಗಿತು ಎಂದು ನೋಡಿ ಫಲ ಹೇಳುತ್ತಿದ್ದುದರಿಂದ ಹಕ್ಕಿಯ ಹೆಸರೇ ಸೂಚನೆಯ ಹೆಸರಾಯಿತು. ರೋಮಿನಲ್ಲೂ ಆದದ್ದು ಇದೇ. ಲ್ಯಾಟಿನ್ನಿನಲ್ಲಿ ‘ಆವಿಸ್’ ಎಂದರೆ ಹಕ್ಕಿ, ‘ಸ್ಪೆಕೆರೆ’ ಎಂದರೆ ನೋಡು. ಎರಡೂ ಕೂಡಿ ‘ಆಸ್ಪೆಕ್ಸ್’, ಹಕ್ಕಿ ನೋಡುವವನು. ಆಸ್ಪಿಷಸ್ ಎಂಬ ಇಂಗ್ಲಿಷ್ ಪದ ಬಂದದ್ದು ಇವನಿಂದ. ನಮ್ಮ ಸಮಾರಂಭದ ಬ್ಯಾನರುಗಳ ಮೇಲಿನ ‘ಸಂಯುಕ್ತ ಆಶ್ರಯದಲ್ಲಿ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ಅಂಡರ್ ದ ಜಾಯಿಂಟ್ ಆಸ್ಪಿಸಸ್’ ಎನ್ನುತ್ತಾರಲ್ಲ, ಅದೂ ಇದೇ ಪದ. ಹಕ್ಕಿ ನೋಡಿ ಒಪ್ಪಿಗೆ ಕೊಡುವವನ ಮೇಲ್ವಿಚಾರಣೆಯಲ್ಲಿ ಕೆಲಸ ಶುರುವಾಗಬೇಕಿತ್ತು; ಕಾಲಾನಂತರ ಹಕ್ಕಿ ಹಾರಿಹೋಗಿ ಮೇಲ್ವಿಚಾರಣೆ ಮಾತ್ರ ಉಳಿಯಿತು.

ರೋಮಿನ ಸೈನ್ಯ ಯುದ್ಧಕ್ಕೆ ಹೊರಟಾಗ ಪಂಜರದಲ್ಲಿ ಪವಿತ್ರ ಕೋಳಿಗಳನ್ನು ಒಯ್ಯುತ್ತಿತ್ತು. ಯುದ್ಧಕ್ಕೆ ಮೊದಲು ಅವುಗಳ ಮುಂದೆ ಕಾಳು ಹಾಕುವರು. ಕೊಕ್ಕಿನಿಂದ ಕಾಳು ಉದುರುವಷ್ಟು ಆತುರದಲ್ಲಿ ತಿಂದರೆ ಶುಭ. ಮೂತಿ ತಿರುಗಿಸಿದರೆ ಯುದ್ಧ ಬೇಡ. ಕ್ರಿ.ಪೂ. 249ರಲ್ಲಿ ಸಿಸಿಲಿಯ ಡ್ರೆಪಾನದ ಬಳಿ ಕಾರ್ತೇಜಿನ ನೌಕಾಪಡೆಯ ಎದುರು ನಿಂತಿದ್ದ ಪುಬ್ಲಿಯಸ್ ಕ್ಲಾಡಿಯಸ್ ಪುಲ್ಚರ್ ಎಂಬ ದಂಡನಾಯಕನ ಕೋಳಿಗಳು ಕಾಳು ಮುಟ್ಟಲಿಲ್ಲ. ತಿನ್ನದಿದ್ದರೆ ಕುಡಿಯಲಿ ಎಂದು ಅವನು ಅವುಗಳನ್ನು ಸಮುದ್ರಕ್ಕೆ ಎಸೆಸಿದನೆಂದು ರೋಮಿನ ಲೇಖಕರು ಬರೆದಿಟ್ಟಿದ್ದಾರೆ. ಆ ದಿನ ರೋಮಿನ 93 ಹಡಗುಗಳು ವೈರಿಗಳ ಪಾಲಾದವು. ಊರಿಗೆ ಮರಳಿದ ಮೇಲೆ ಅವನ ಮೇಲೆ ವಿಚಾರಣೆ ನಡೆದು ದಂಡ ಬಿತ್ತು.

ಇಂಥ ಶಕುನ ನೋಡುವ ಅಧಿಕೃತ ಪುರೋಹಿತನಿಗೆ ‘ಆಗರ್’ ಎಂದು ಹೆಸರು. ಅವನ ವಿದ್ಯೆ ಆಗ್ಯುರಿ. ಅಧಿಕಾರಿಯನ್ನು ಪಟ್ಟಕ್ಕೆ ಕೂರಿಸುವ ಮೊದಲು ಅವನು ಶಕುನ ನೋಡುವ ವಿಧಿಯಿಂದ ಇನಾಗುರೇಟ್, ಇನಾಗುರೇಷನ್ ಹುಟ್ಟಿದವು. ಕಟ್ಟಡ ಉದ್ಘಾಟನೆಗೆ ರಿಬ್ಬನ್ ಕತ್ತರಿಸುವಾಗಲೆಲ್ಲ ಆ ಹಳೆಯ ಪುರೋಹಿತನ ನೆರಳು ಪದದೊಳಗೆ ಇದ್ದೇ ಇರುತ್ತದೆ. ನಮ್ಮಲ್ಲಿ ಈ ವಿದ್ಯೆ ಪದದಲ್ಲಷ್ಟೇ ಉಳಿದಿಲ್ಲ. ನಸುಕಿನಲ್ಲಿ ಡಮರು ಆಡಿಸುತ್ತ ಬರುವ ಬುಡಬುಡಿಕೆಯವರು ಹಾಲಕ್ಕಿ ನುಡಿದದ್ದನ್ನು ಕೇಳಿ ಮನೆಯ ಮುಂದೆ ನಿಂತು ಫಲ ಹೇಳುವುದು ನಿಜವಾದ ಆಗ್ಯುರಿಯೇ. ಅದನ್ನು ಇಂಗ್ಲಿಷಿನಲ್ಲಿ ವಿವರಿಸಬೇಕಾದವರು ‘ಫಾರ್ಚೂನ್ ಟೆಲಿಂಗ್’ ಎಂದು ಬರೆದು ಮುಗಿಸುತ್ತಾರೆ. ಹಕ್ಕಿಯ ಮಾತೇ ಅದರ ಜೀವಾಳ, ಹಾಗಾಗಿ ಆಗ್ಯುರಿ ಎಂಬುದೇ ಅದಕ್ಕೆ ತಕ್ಕ ಪದ.

ಓಮನ್ ಸ್ವತಃ ಒಳ್ಳೆಯದೂ ಅಲ್ಲ ಕೆಟ್ಟದೂ ಅಲ್ಲ. ಗುಡ್ ಓಮನ್, ಬ್ಯಾಡ್ ಓಮನ್ ಎರಡೂ ಸರಿ. ಆದರೆ ಅದರ ಗುಣವಾಚಕ ‘ಆಮಿನಸ್’ ಕೆಟ್ಟದ್ದಕ್ಕೇ ಮೀಸಲು. ಆಮಿನಸ್ ಕ್ಲೌಡ್ಸ್, ಆಮಿನಸ್ ಸೈಲೆನ್ಸ್ ಎನ್ನಬಹುದು. ಮಗಳ ಮದುವೆಗೆ ಕೂಡಿಬಂದ ಒಳ್ಳೆಯ ಸೂಚನೆಯನ್ನು ಆಮಿನಸ್ ಎಂದರೆ ಕೇಳಿದವರು ಗಾಬರಿಯಾಗುತ್ತಾರೆ. ಅಲ್ಲಿ ಬೇಕಾದದ್ದು ಆಸ್ಪಿಷಸ್. ಉಚ್ಚಾರದಲ್ಲೂ ಒಂದು ತೊಡಕಿದೆ: ನಾಮಪದ ‘ಓ’ ಎಂದು ಶುರುವಾದರೆ ಗುಣವಾಚಕ ‘ಆ’ ಎಂದು ಶುರುವಾಗುತ್ತದೆ. ‘ಆಮ್ನಿಯಸ್’ ಎಂದು ‘ನಿ’ಯನ್ನು ಹಿಂದುಮುಂದು ಮಾಡುವವರು ಹಲವರು, ಮಧ್ಯದಲ್ಲಿರುವುದು ‘ಮಿ’, ಆಮೇಲೆ ‘ನ’. ಅಬಾಮಿನಬಲ್ ಎಂಬ ಅಸಹ್ಯಸೂಚಕ ಪದದಲ್ಲಿಯೂ ಇದೇ ಓಮನ್ ಇದೆ. ಅಪಶಕುನವೆಂದು ದೂರ ಸರಿಯುವುದು ಅದರ ಮೂಲ ಅರ್ಥ.

ಆಗರ್ ಇಂಗ್ಲಿಷಿನಲ್ಲಿ ಕ್ರಿಯಾಪದವೂ ಹೌದು. ‘ಬೋಡ್’ ಎಂಬ ಇನ್ನೊಂದು ಕ್ರಿಯಾಪದ ಇದರ ಜೊತೆಗಾರ. ಅದು ಹಳೆಯ ಇಂಗ್ಲಿಷಿನ ಮನೆಯದು, ಸಾರು, ಘೋಷಿಸು ಎಂದು ಅರ್ಥ. ಎರಡನ್ನೂ ಬಳಸುವ ಕ್ರಮ ಒಂದೇ: ಆಗರ್ಸ್ ವೆಲ್, ಬೋಡ್ಸ್ ಇಲ್. ಕರ್ತೃವಾಗಿ ಮನುಷ್ಯನನ್ನು ಕೂರಿಸಬಾರದು. ‘ಐ ಬೋಡ್’ ಎನ್ನುವುದಿಲ್ಲ. ಸನ್ನಿವೇಶ ಬೋಡ್ ಮಾಡುತ್ತದೆ. ಜೂನ್ ಮೊದಲ ವಾರದಲ್ಲೇ ಹದವಾದ ಮಳೆ ಬಿದ್ದಿದೆ ಎಂದಿಟ್ಟುಕೊಳ್ಳಿ, ‘ದಿಸ್ ಆಗರ್ಸ್ ವೆಲ್ ಫಾರ್ ದ ಕ್ರಾಪ್’. ಆಮೇಲೆ ‘ಫಾರ್’ ಬರಬೇಕು, ‘ಟು’ ಅಲ್ಲ. ನಮ್ಮ ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ಇಂಗ್ಲಿಷಿನ ಓದುಗನಿಗೆ ದಾಟಿಸಬೇಕಾದಾಗ ಈ ಕ್ರಿಯಾಪದ ಚೆನ್ನಾಗಿ ಒದಗುತ್ತದೆ.

ಓಮನ್‌ಗಿಂತ ದೊಡ್ಡದು ಪೋರ್ಟೆಂಟ್. ಬೆಕ್ಕು ಅಡ್ಡ ಬಂದದ್ದು ಓಮನ್. ಧೂಮಕೇತು ಕಾಣಿಸಿದ್ದು ಪೋರ್ಟೆಂಟ್. ಒಬ್ಬರ ದಿನಕ್ಕೆ ಸಂಬಂಧಿಸಿದ್ದು ಮೊದಲನೆಯದು, ರಾಜ್ಯಕ್ಕೋ ಜನಸಮೂಹಕ್ಕೋ ಸಂಬಂಧಿಸಿದ್ದು ಎರಡನೆಯದು. ನಮ್ಮ ಶಾಸ್ತ್ರಗಳ ‘ಉತ್ಪಾತ’ಕ್ಕೆ ಇದು ಹತ್ತಿರ. ವರಾಹಮಿಹಿರನ ಬೃಹತ್ಸಂಹಿತೆ ಉತ್ಪಾತಗಳನ್ನು ದಿವ್ಯ, ಆಂತರಿಕ್ಷ, ಭೌಮ ಎಂದು ಮೂರಾಗಿ ವಿಂಗಡಿಸುತ್ತದೆ: ಗ್ರಹನಕ್ಷತ್ರಗಳಲ್ಲಿ ಕಂಡದ್ದು, ನಡು ಆಕಾಶದಲ್ಲಿ ಕಂಡದ್ದು, ನೆಲದ ಮೇಲೆ ಕಂಡದ್ದು. 1066ರ ಏಪ್ರಿಲ್‌ನಲ್ಲಿ ಹ್ಯಾಲಿ ಧೂಮಕೇತು ಇಂಗ್ಲೆಂಡಿನ ಆಕಾಶದಲ್ಲಿ ಕಂಡಿತು; ಅದೇ ಅಕ್ಟೋಬರಿನಲ್ಲಿ ಹೇಸ್ಟಿಂಗ್ಸ್ ಕಾಳಗದಲ್ಲಿ ದೊರೆ ಹೆರಾಲ್ಡ್ ಸತ್ತು ನಾರ್ಮನ್ ವಿಲಿಯಂ ಗೆದ್ದ. ಆ ಕಾಳಗದ ಕತೆಯನ್ನು ಕಸೂತಿಯಲ್ಲಿ ಹೇಳುವ ಬಾಯೂ ಬಟ್ಟೆಯ ಮೇಲೆ ಜನ ಬಾಲದ ನಕ್ಷತ್ರದ ಕಡೆ ಬೆರಳು ತೋರುತ್ತ ನಿಂತಿರುವ ಚಿತ್ರ ಇಂದಿಗೂ ಇದೆ. ಒಂದೇ ಪೋರ್ಟೆಂಟ್, ಸೋತವನಿಗೆ ಒಂದು ಅರ್ಥ, ಗೆದ್ದವನಿಗೆ ಇನ್ನೊಂದು.

ಪೋರ್ಟೆಂಟ್ ನಾಮಪದ, ಪೋರ್ಟೆಂಡ್ ಕ್ರಿಯಾಪದ. ಮೊದಲನೆಯದರಲ್ಲಿ ಒತ್ತು ಮೊದಲ ಉಚ್ಚಾರದ ಮೇಲೆ, ಎರಡನೆಯದರಲ್ಲಿ ಎರಡನೆಯದರ ಮೇಲೆ. ಗುಣವಾಚಕ ಪೋರ್ಟೆಂಟಸ್, ಇದಕ್ಕೆ ‘ಪೋರ್ಟೆನ್ಷಿಯಸ್’ ಎಂದು ಬಾಲ ಹಚ್ಚುವುದು ತಪ್ಪು. ಈ ಗುಣವಾಚಕಕ್ಕೆ ಇಂದು ಇನ್ನೊಂದು ಅರ್ಥವೂ ಇದೆ: ಏನೋ ಮಹತ್ತಾದದ್ದು ಹೇಳುತ್ತಿದ್ದೇನೆಂಬ ಗತ್ತಿನಿಂದ ಮಾತಾಡುವವನ ಧಾಟಿ. ಗೌರವಾನ್ವಿತರೊಬ್ಬರ ಭಾಷಣವನ್ನು ಹೊಗಳಲು ಪೋರ್ಟೆಂಟಸ್ ಎಂದರೆ ತೆಗಳಿದಂತಾಗುತ್ತದೆ.

ಇದೇ ಸಾಲಿನ ಎರಡು ಪದಗಳು ಪೂರ್ತಿ ವೇಷ ಬದಲಿಸಿವೆ. ಪ್ರಾಡಿಜಿ ಎಂದರೆ ಮೊದಲು ಪ್ರಕೃತಿಗೆ ವಿರುದ್ಧವಾದ ಅದ್ಭುತ ಸೂಚನೆ. ಈಗ ಅಸಾಧಾರಣ ಪ್ರತಿಭೆಯ ಮಗು. ಮಾನ್‌ಸ್ಟರ್ ಬಂದದ್ದು ‘ಮೊನೆರೆ’, ಎಚ್ಚರಿಸು, ಎಂಬ ಲ್ಯಾಟಿನ್ ಧಾತುವಿನಿಂದ. ವಿಕಾರವಾಗಿ ಹುಟ್ಟಿದ ಕರು ದೇವರು ಕಳಿಸಿದ ಎಚ್ಚರಿಕೆ ಎಂದು ರೋಮನ್ನರು ನಂಬಿದ್ದರು; ಎಚ್ಚರಿಕೆಯ ಹೆಸರು ಆ ಪ್ರಾಣಿಗೇ ಅಂಟಿಕೊಂಡಿತು. ಮಾನಿಟರ್, ಅಡ್ಮಾನಿಷ್, ಪ್ರೆಮೊನಿಷನ್ ಎಲ್ಲವೂ ಇದೇ ಮೊನೆರೆಯ ಮಕ್ಕಳು. ಸೂಚನೆಯ ಹೆಸರು ಆಪತ್ತಿನ ಹೆಸರಾಗುವುದು ಇಂಗ್ಲಿಷಿನಲ್ಲಿ ಮಾಮೂಲು. ಡಿಸಾಸ್ಟರ್ ಎಂದರೆ ಅಕ್ಷರಶಃ ಕೆಟ್ಟ ನಕ್ಷತ್ರ. ಕನ್ನಡದಲ್ಲೂ ಹಾಗೇ ನಡೆದಿದೆ ನೋಡಿ. ‘ಗ್ರಹಚಾರ’ ಎಂದರೆ ಗ್ರಹಗಳ ಸಂಚಾರ ಅಷ್ಟೆ, ಆದರೆ ‘ನನ್ನ ಗ್ರಹಚಾರ’ ಎಂದರೆ ಒಳ್ಳೆಯದಾಯಿತು ಎಂದು ಯಾರೂ ತಿಳಿಯುವುದಿಲ್ಲ. ಉತ್ಪಾತವೂ ಈಗ ಸೂಚನೆಯಾಗಿ ಉಳಿಯದೆ ಅನಾಹುತವೇ ಆಗಿಬಿಟ್ಟಿದೆ.

ಅತಿ ಹೆಚ್ಚು ತಪ್ಪಾಗಿ ಬಳಕೆಯಾಗುವ ಪದ ಹಾರ್ಬಿಂಜರ್ ಎಂದು ಹೇಳಬಹುದು. ‘ಹಾರ್ಬಿಂಗರ್’ ಎಂದು ಗಕಾರ ಹಚ್ಚುವುದು ಸಣ್ಣ ತಪ್ಪು. ದೊಡ್ಡ ತಪ್ಪು ಅರ್ಥದ್ದು. ಮಧ್ಯಯುಗದಲ್ಲಿ ದೊರೆಯ ಪರಿವಾರವೋ ಸೈನ್ಯವೋ ಹೊರಟಾಗ, ಒಂದು ದಿನ ಮುಂಚೆ ಊರಿಗೆ ಹೋಗಿ ತಂಗಲು ಮನೆ, ಕುದುರೆಗೆ ಲಾಯ ಗೊತ್ತುಮಾಡುವವನು ಹಾರ್ಬಿಂಜರ್. ಹಡಗು ತಂಗುವ ಹಾರ್ಬರ್ ಕೂಡ ಇದೇ ಬಳ್ಳಿಯದು. ಸೈನ್ಯಕ್ಕೆ ಆಸರೆ ಎಂಬುದು ಎರಡರ ಮೂಲ. ಊರವರು ಅವನ ಮುಖ ಕಂಡರೆ ನಾಳೆ ದೊರೆ ಬರುತ್ತಾನೆಂದು ತಿಳಿಯುತ್ತಿದ್ದರು. ಮೆಸೆಂಜರ್, ಪ್ಯಾಸೆಂಜರ್‌ಗಳಲ್ಲಿ ಹೇಗೋ ಹಾಗೆ ಇಲ್ಲೂ ನಡುವಿನ ಅನುನಾಸಿಕ ಆಮೇಲೆ ಸೇರಿಕೊಂಡದ್ದು.

ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಬಳಕೆ ತಪ್ಪುವುದಿಲ್ಲ. ಹಾರ್ಬಿಂಜರ್ ಮೊದಲು ಬರುತ್ತಾನೆ; ಬರುವವನು ಬೇರೆಯೇ ಇದ್ದಾನೆ; ಇವನು ಅವನನ್ನು ಹೊತ್ತು ತರುವುದಿಲ್ಲ. ಆಫ್ರಿಕಾ ಕಡೆಯಿಂದ ಮಧ್ಯ ಮತ್ತು ಉತ್ತರ ಭಾರತಕ್ಕೆ ಮುಂಗಾರಿನ ಗಾಳಿಯ ಜೊತೆ ಬರುವ ಚಾತಕ ಪಕ್ಷಿಯನ್ನು ‘ಹಾರ್ಬಿಂಜರ್ ಆಫ್ ದ ಮಾನ್ಸೂನ್’ ಎನ್ನುವುದು ಇದಕ್ಕೇ. ಚಾತಕ ಮಳೆ ತರುವುದಿಲ್ಲ, ಮಳೆ ಬರುತ್ತಿದೆಯೆಂದು ಬಂದು ನಿಲ್ಲುತ್ತದೆ. ಕನ್ನಡದ ‘ಹರಿಕಾರ’ ಇದರ ನೇರ ಬಂಧುವಿನಂತೆ ಕಾಣುತ್ತದೆ. ಪರ್ಷಿಯನ್ ಮೂಲದ ಹರ್ಕಾರ ಕೂಡ ಓಲೆ ಹೊತ್ತು ಓಡುವವನೇ. ಆದರೆ ಇಂದಿನ ಕನ್ನಡದಲ್ಲಿ ‘ಕ್ಷೀರಕ್ರಾಂತಿಯ ಹರಿಕಾರ’ ಎಂದರೆ ಆ ಕ್ರಾಂತಿಯನ್ನು ಮಾಡಿದವರು. ಅದನ್ನು ಹಾರ್ಬಿಂಜರ್ ಎಂದು ಅನುವಾದಿಸಿದರೆ, ಕೆಲಸ ಮಾಡಿದವರನ್ನು ಬರಿಯ ಸುದ್ದಿ ತಂದವರನ್ನಾಗಿ ಇಳಿಸಿದಂತೆ. ಅಲ್ಲಿ ಪಯೋನಿಯರ್ ಎಂದೋ ಆರ್ಕಿಟೆಕ್ಟ್ ಎಂದೋ ಬರೆಯಬೇಕು. ವ್ಯಕ್ತಿಗಳ ಸನ್ಮಾನಪತ್ರಗಳಲ್ಲಿ ಈ ತಪ್ಪು ನುಸುಳಿದಾಗ ನಿಜಕ್ಕೂ ಬೇಸರವಾಗುತ್ತದೆ.

ಹೆರಾಲ್ಡ್ ಹಾರ್ಬಿಂಜರ್‌ಗಿಂತ ಗಟ್ಟಿದನಿಯವನು. ಡಂಗುರ ಸಾರುವುದು ಅವನ ಕೆಲಸ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಡೆಕ್ಕನ್ ಹೆರಾಲ್ಡ್ ಸೇರಿ ಎಷ್ಟೋ ಪತ್ರಿಕೆಗಳು ಆ ಹೆಸರಿಟ್ಟುಕೊಂಡದ್ದು ಅದಕ್ಕೇ. ಪ್ರಿಕರ್ಸರ್ ಎಂದರೆ ಮುಂದೆ ಓಡುವವನು ಎಂದೇ ಅರ್ಥವಿದ್ದರೂ ಅದರ ದಾರಿ ವಿಜ್ಞಾನದ್ದು: ಒಂದು ಇನ್ನೊಂದಾಗಿ ಬದಲಾಗುವುದಿದ್ದರೆ, ಅಥವಾ ಎರಡರ ನಡುವೆ ಕಾರಣದ ಎಳೆ ಇದ್ದರೆ, ಪ್ರಿಕರ್ಸರ್. ಔಷಧ ತಯಾರಿಕೆಯ ಮೂಲ ರಾಸಾಯನಿಕವನ್ನು ಹಾಗೆ ಕರೆಯುತ್ತಾರೆ, ಹಾರ್ಬಿಂಜರ್ ಎನ್ನುವುದಿಲ್ಲ. ಭೂಕಂಪಶಾಸ್ತ್ರದ ಫೋರ್‌ಶಾಕ್ ಎಂಬ ಪದ ಇಲ್ಲಿ ಬಹಳ ಪಾಠ ಕಲಿಸುತ್ತದೆ. ದೊಡ್ಡ ಕಂಪನಕ್ಕೆ ಮೊದಲು ಬಂದ ಸಣ್ಣ ಕಂಪನ ಫೋರ್‌ಶಾಕ್. ಆದರೆ ಅದು ಬಂದ ಹೊತ್ತಿನಲ್ಲಿ ಯಾರೂ ಅದನ್ನು ಹಾಗೆ ಕರೆಯಲಾರರು, ಏಕೆಂದರೆ ದೊಡ್ಡದು ಬರುತ್ತದೋ ಇಲ್ಲವೋ ತಿಳಿದಿರುವುದಿಲ್ಲ. ದೊಡ್ಡದು ಬಂದ ಮೇಲೆಯೇ ಹಿಂದಿನದಕ್ಕೆ ಆ ಹೆಸರು. ಅದೇ ಶಾಸ್ತ್ರದಲ್ಲಿ ಪ್ರೆಡಿಕ್ಷನ್ ಮತ್ತು ಫೋರ್‌ಕಾಸ್ಟ್‌ಗಳನ್ನೂ ಬೇರೆ ಇಡುತ್ತಾರೆ. ಯಾವ ದಿನ, ಯಾವ ಜಾಗ, ಎಷ್ಟು ತೀವ್ರತೆ ಎಂದು ನಿಖರವಾಗಿ ಹೇಳಿದರೆ ಪ್ರೆಡಿಕ್ಷನ್; ಇಷ್ಟು ವರ್ಷಗಳಲ್ಲಿ ಇಷ್ಟು ಸಂಭವ ಎಂದರೆ ಫೋರ್‌ಕಾಸ್ಟ್. ಎರಡನೆಯದು ಸಾಧ್ಯ. ಮೊದಲನೆಯದನ್ನು ದೊಡ್ಡ ಭೂಕಂಪದ ವಿಷಯದಲ್ಲಿ ಇದುವರೆಗೆ ಯಾವ ವಿಜ್ಞಾನಿಯೂ ಮಾಡಿಲ್ಲ ಎಂದು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಸ್ಪಷ್ಟವಾಗಿ ಹೇಳುತ್ತದೆ. ‘ಭೂಕಂಪದ ಮುನ್ಸೂಚನೆ’ ಎಂಬ ಸುದ್ದಿ ಓದಿದಾಗ ಮೂಲದಲ್ಲಿ ಯಾವ ಪದವಿತ್ತು ಎಂದು ಹುಡುಕಿ ನೋಡಿ.

ಮನಸ್ಸಿನೊಳಗೆ ಮೂಡುವ ಸುಳಿವಿಗೆ ಬೇರೆಯೇ ಪದಗಳಿವೆ. ಏನೋ ಕಸಿವಿಸಿ, ಎದೆಯಲ್ಲಿ ಭಾರ, ಏನಾಗುತ್ತದೆಂದು ಗೊತ್ತಿಲ್ಲ, ಕೆಟ್ಟದ್ದಂತೂ ಆಗುತ್ತದೆ: ಇದು ಫೋರ್‌ಬೋಡಿಂಗ್. ಯಾವಾಗಲೂ ಕೆಟ್ಟದ್ದೇ, ಯಾವಾಗಲೂ ಮಸುಕು. ‘ಬಸ್ಸು ಉರುಳುತ್ತದೆ ಅನ್ನಿಸಿತ್ತು’ ಎನ್ನುವಷ್ಟು ಖಚಿತವಾಗಿದ್ದರೆ ಪ್ರೆಮೊನಿಷನ್; ಅದರ ಮುಂದೆ ‘ದ್ಯಾಟ್’ ಅಥವಾ ‘ಆಫ್’ ಸೇರುತ್ತದೆ. ಫೋರ್‌ಬೋಡಿಂಗ್, ಫೋರ್‌ಕಾಸ್ಟ್, ಫೋರ್‌ಟೆಲ್ ಇವುಗಳೆಲ್ಲದರ ಮೊದಲ ಭಾಗದ ಕೊನೆಯಲ್ಲಿ ‘ಇ’ ಅಕ್ಷರ ಇದೆ, ‘ಮುನ್ನ’ ಎಂಬ ಅರ್ಥ ಕೊಡುವುದು ಅದೇ. ‘ಇ’ ಬಿಟ್ಟರೆ ಪದ ತಪ್ಪಾಗುತ್ತದೆ. ಫೋರ್‌ಶ್ಯಾಡೋ ಮಾತ್ರ ಬರಹಗಾರರ ಪದ. ಕತೆಯ ಮೊದಲ ಪುಟದಲ್ಲಿ ಗೋಡೆಗೆ ತೂಗಿದ್ದ ಬಂದೂಕು ಕೊನೆಯಲ್ಲಿ ಸಿಡಿದರೆ, ಬರೆದವನು ಬೇಕೆಂದೇ ಇಟ್ಟ ಆ ನೆರಳು ಫೋರ್‌ಶ್ಯಾಡೋಯಿಂಗ್.

ಇನ್ನು ಬಾಯಿಂದ ಬಂದ ಮಾತು. ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಸೇರಿದ ಜನಸಾಗರದ ನಡುವೆ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಅಷ್ಟು ಜನವೂ ಒಮ್ಮೆಗೇ ಮೌನ. ಆಮೇಲೆ ಒಂದೇ ಒಂದು ಸಾಲು ನುಡಿದು ಕೆಳಗೆ ಬೀಳುತ್ತಾನೆ. ಈ ಕಾರಣಿಕವನ್ನು ಇಂಗ್ಲಿಷ್ ವರದಿಗಳು ‘ಪ್ರಾಫೆಸಿ’ ಎನ್ನುತ್ತವೆ. ಅದಕ್ಕಿಂತ ಒಪ್ಪುವ ಪದ ಆರಕಲ್. ಪ್ರಾಫೆಸಿ ಸಾಮಾನ್ಯವಾಗಿ ಇಂಥದ್ದು ಆಗುತ್ತದೆ ಎಂದು ಬಿಡಿಸಿ ಹೇಳುತ್ತದೆ. ಆರಕಲ್ ಒಗಟಿನ ಮಾತು, ಕೇಳಿದವರೇ ಬಿಡಿಸಿಕೊಳ್ಳಬೇಕು. ಕಾರಣಿಕದ ಸಾಲನ್ನು ಒಬ್ಬರು ಮಳೆಬೆಳೆಗೆ, ಇನ್ನೊಬ್ಬರು ರಾಜಕೀಯಕ್ಕೆ ಹೊಂದಿಸುವುದು ಈ ಗುಣದಿಂದಲೇ. ಗ್ರೀಸಿನ ಡೆಲ್ಫಿಯಲ್ಲಿ, ಪರ್ಷಿಯದ ಮೇಲೆ ದಂಡೆತ್ತಿದರೆ ದೊಡ್ಡ ಸಾಮ್ರಾಜ್ಯವೊಂದು ಅಳಿಯುತ್ತದೆ ಎಂಬ ನುಡಿ ಕೇಳಿ ಲಿಡಿಯದ ದೊರೆ ಕ್ರೀಸಸ್ ಯುದ್ಧಕ್ಕೆ ಹೋದ. ಅಳಿದದ್ದು ಅವನದೇ ಸಾಮ್ರಾಜ್ಯ ಎಂದು ಹೆರೊಡೋಟಸ್ ಬರೆಯುತ್ತಾನೆ. ಅಂದಹಾಗೆ, ಪ್ರಾಫೆಸಿ ಎಂದರೆ ಭವಿಷ್ಯವಾಣಿ. ಅದನ್ನು ನುಡಿಯುವ ಕ್ರಿಯೆ ‘ಪ್ರಾಫೆಸೈ’. ಕಾಗುಣಿತದಲ್ಲಿ ಮೊದಲನೆಯದಕ್ಕೆ ‘ಸಿ’ ಅಕ್ಷರ, ಎರಡನೆಯದಕ್ಕೆ ‘ಎಸ್’.

ವೈದ್ಯರ ಭಾಷೆಯಲ್ಲಿ ಪದಗಳ ಗಡಿ ಇನ್ನೂ ಬಿಗಿ. ರೋಗಿ ಹೇಳಿದ್ದು ಸಿಂಪ್ಟಮ್, ವೈದ್ಯರು ನೋಡಿ ಅಳೆದದ್ದು ಸೈನ್. ತಲೆನೋವು ಸಿಂಪ್ಟಮ್, ಏರಿದ ರಕ್ತದೊತ್ತಡ ಸೈನ್. ಕಾಯಿಲೆ ಪೂರ್ತಿ ಕಾಣಿಸಿಕೊಳ್ಳುವ ಮುನ್ನ ಬರುವ ಲಕ್ಷಣಗಳಿಗೆ ಪ್ರೊಡ್ರೋಮ್ ಎನ್ನುತ್ತಾರೆ. ಮೈಗ್ರೇನ್ ಇದಕ್ಕೆ ಒಳ್ಳೆಯ ಉದಾಹರಣೆ: ನೋವಿಗೆ ಮೊದಲು, 48 ಗಂಟೆಯವರೆಗೂ, ಪದೇ ಪದೇ ಆಕಳಿಕೆ, ಕತ್ತಿನ ಬಿಗಿತ, ಏನನ್ನೋ ತಿನ್ನಬೇಕೆಂಬ ಆಸೆ ಬಂದರೆ ಅದು ಪ್ರೊಡ್ರೋಮ್. ಕಣ್ಣ ಮುಂದೆ ಅಂಕುಡೊಂಕಿನ ಬೆಳಕಿನ ಗೆರೆ ಮೂಡಿದರೆ ಅದು ಬೇರೆ, ಅದರ ಹೆಸರು ಆರಾ. ಸಾಮಾನ್ಯವಾಗಿ 5ರಿಂದ 60 ನಿಮಿಷ ಇರುತ್ತದೆ. ಪ್ರೊಡ್ರೋಮ್‌ಗೆ ಕನ್ನಡದಲ್ಲಿ ಹೊಸ ಪದ ಕಟ್ಟಬೇಕಿಲ್ಲ. ಆಯುರ್ವೇದ ರೋಗವನ್ನು ತಿಳಿಯುವ ಐದು ದಾರಿಗಳನ್ನು ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂದು ಹೇಳುತ್ತದೆ. ಅದರ ಪೂರ್ವರೂಪವೇ ಪ್ರೊಡ್ರೋಮ್. ಆರೋಗ್ಯದ ಬಗ್ಗೆ ಬರೆಯುವವರು ಈ ಪದವನ್ನು ಮತ್ತೆ ಬಳಕೆಗೆ ತರಬೇಕು. ‘ಮುನ್ಸೂಚನೆ’ಗಿಂತ ಎಷ್ಟೋ ನಿಖರ.

ನುಡಿಗಟ್ಟುಗಳಲ್ಲಿ ಮೂರನ್ನು ಮಾತ್ರ ಹೇಳುತ್ತೇವೆ. ‘ಕ್ಯಾನರಿ ಇನ್ ದ ಕೋಲ್ ಮೈನ್’ ನಿಜವಾದ ಹಕ್ಕಿಯ ಕತೆ. ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿಯ ಸಲಹೆಯಂತೆ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಿಗೆ ಕ್ಯಾನರಿಗಳನ್ನು ಒಯ್ಯುತ್ತಿದ್ದರು. ಬಣ್ಣ ವಾಸನೆ ಎರಡೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಗಣಿಯಲ್ಲಿ ತುಂಬಿದರೆ ಮನುಷ್ಯನಿಗೆ ಗೊತ್ತಾಗುವ ಮೊದಲೇ ಆ ಪುಟ್ಟ ಹಕ್ಕಿ ತೂರಾಡಿ ಬೀಳುತ್ತಿತ್ತು. ಈ ಪದ್ಧತಿ 1986ರವರೆಗೂ ಇತ್ತು. ಹಾಗಾಗಿ ಆಪತ್ತಿಗೆ ಎಲ್ಲರಿಗಿಂತ ಮೊದಲು ಬಲಿಯಾಗಿ ಉಳಿದವರನ್ನು ಎಚ್ಚರಿಸುವವರಿಗಷ್ಟೇ ಈ ನುಡಿಗಟ್ಟು ಒಪ್ಪುತ್ತದೆ. ‘ಬೆಲ್‌ವೆದರ್’ನಲ್ಲಿ ಹವಾಮಾನ ಇಲ್ಲ, ವೆದರ್ ಎಂದರೆ ಬೀಜ ಒಡೆದ ಟಗರು. ಕೊರಳಿಗೆ ಗಂಟೆ ಕಟ್ಟಿಸಿಕೊಂಡು ಮುಂದೆ ನಡೆಯುವ ಅದರ ಹಿಂದೆ ಮಂದೆ ಸಾಗುತ್ತದೆ; ಉಳಿದವರು ಎತ್ತ ಸಾಗುತ್ತಾರೆಂದು ಮೊದಲೇ ತೋರಿಸುವವರಿಗೆ ಈ ಪದ. ಕಾಗುಣಿತದಲ್ಲಿ ‘ಎ’ ಅಕ್ಷರ ಸೇರಿಸಿದರೆ ಟಗರು ಮಾಯವಾಗಿ ಮೋಡ ಬರುತ್ತದೆ. ‘ರೈಟಿಂಗ್ ಆನ್ ದ ವಾಲ್’ ಬೈಬಲಿನ ದಾನಿಯೇಲನ ಗ್ರಂಥದ್ದು. ಔತಣದ ನಡುವೆ ಬಾಬಿಲೋನಿನ ಅರಮನೆಯ ಗೋಡೆಯ ಮೇಲೆ ಕೈಯೊಂದು ಬರೆದ ಅಕ್ಷರ ಆ ದೊರೆಯ ಅಂತ್ಯವನ್ನು ಸಾರಿತು. ಕನ್ನಡ ಪತ್ರಿಕೆಗಳು ಇದನ್ನು ‘ಗೋಡೆ ಬರಹ’ ಎಂದು ತಂದುಕೊಂಡಿವೆ. ತಪ್ಪಿಸಲಾಗದ ಸೋಲು ಎದುರಿಗೇ ಇದ್ದಾಗ ಮಾತ್ರ ಇದನ್ನು ಬಳಸಬೇಕು, ಒಳ್ಳೆಯ ದಿನಗಳ ಸೂಚನೆಗಲ್ಲ.

ಇಲ್ಲಿಯವರೆಗಿನ ಪದಗಳು ತಪ್ಪಿದರೆ ಬರಹ ಕೆಡುತ್ತದೆ. ಮುಂದಿನವು ತಪ್ಪಿದರೆ ಜೀವಕ್ಕೇ ಅಪಾಯ. ವಾಚ್, ಅಲರ್ಟ್, ವಾರ್ನಿಂಗ್ ಈ ಮೂರೂ ಒಂದೇ ಎಂದು ನಾವು ಓದಿಕೊಳ್ಳುತ್ತೇವೆ. ಇಲಾಖೆಗಳ ಭಾಷೆಯಲ್ಲಿ ಇವು ಏರುವ ಮೆಟ್ಟಿಲು. ವಾಚ್ ಮತ್ತು ವೇಕ್ ಒಂದೇ ಬೇರಿನವು: ನಿದ್ದೆ ಮಾಡಬೇಡ, ಕಣ್ಣಿಟ್ಟಿರು. ಕನ್ನಡದ ಎಚ್ಚರಿಕೆಯೂ ‘ಎಚ್ಚರ’ದಿಂದಲೇ ಬಂದದ್ದಲ್ಲವೇ? ಅಲರ್ಟ್ ಇಟಲಿಯ ‘ಆಲ್ ಎರ್ತಾ’, ಕಾವಲಿನ ಎತ್ತರಕ್ಕೆ ಹತ್ತು. ಅಲಾರ್ಮ್ ಕೂಡ ಅಲ್ಲಿನದೇ, ‘ಆಲ್ ಆರ್ಮೆ’, ಆಯುಧ ಹಿಡಿ.

ಭಾರತದ ಹವಾಮಾನ ಇಲಾಖೆಯ ಬಣ್ಣಗಳನ್ನು ನೋಡಿ. ಹಸಿರಿಗೆ ಏನೂ ಮಾಡಬೇಕಿಲ್ಲ. ಹಳದಿ ಎಂದರೆ ವಾಚ್, ಸುದ್ದಿ ಕೇಳುತ್ತಿರಿ. ಕಿತ್ತಳೆ ಎಂದರೆ ಅಲರ್ಟ್, ಸಿದ್ಧರಾಗಿ. ಕೆಂಪು ಎಂದರೆ ವಾರ್ನಿಂಗ್, ಈಗಲೇ ಕ್ರಮ ಕೈಗೊಳ್ಳಿ. ನಮ್ಮ ಟಿವಿ ಮತ್ತು ಪತ್ರಿಕೆಗಳು ಇದನ್ನೆಲ್ಲ ಯೆಲ್ಲೋ ಅಲರ್ಟ್, ಆರೆಂಜ್ ಅಲರ್ಟ್, ರೆಡ್ ಅಲರ್ಟ್ ಎಂದು ಒಂದೇ ದಾರದಲ್ಲಿ ಪೋಣಿಸುತ್ತವೆ. ಪದ ಕೊಡುತ್ತಿದ್ದ ವ್ಯತ್ಯಾಸ ಹೋಗಿ ಬಣ್ಣದ್ದು ಮಾತ್ರ ಉಳಿಯುತ್ತದೆ. ಮಳೆಯ ವಿಶೇಷಣಗಳಿಗೂ ಲೆಕ್ಕ ಇದೆ: 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಹೆವಿ, 115.6ರಿಂದ 204.4 ವೆರಿ ಹೆವಿ, ಅದಕ್ಕೂ ಮೇಲಾದರೆ ಎಕ್ಸ್‌ಟ್ರೀಮ್ಲಿ ಹೆವಿ. ‘ಭಾರಿ’, ‘ಅತಿ ಭಾರಿ’, ‘ಅತ್ಯಂತ ಭಾರಿ’ ಎಂದು ಅನುವಾದಿಸುವಾಗ ಒಂದನ್ನು ಇನ್ನೊಂದಕ್ಕೆ ಬದಲಿಸುವಂತಿಲ್ಲ.

ಚಂಡಮಾರುತಕ್ಕೂ ಇದೇ ಏಣಿ. ಸುಮಾರು 72 ಗಂಟೆ ಮೊದಲು ಪ್ರೀ ಸೈಕ್ಲೋನ್ ವಾಚ್, 48 ಗಂಟೆ ಮೊದಲು ಅಲರ್ಟ್, 24 ಗಂಟೆ ಮೊದಲು ವಾರ್ನಿಂಗ್. ಆಮೇಲೆ, ನೆಲ ಮುಟ್ಟುವ 12 ಗಂಟೆ ಮೊದಲು, ಒಳನಾಡಿಗಾಗಿ ಪೋಸ್ಟ್ ಲ್ಯಾಂಡ್‌ಫಾಲ್ ಔಟ್‌ಲುಕ್. ಸುನಾಮಿಯ ವಿಷಯದಲ್ಲಿ ಹೈದರಾಬಾದಿನ ಇಂಕಾಯಿಸ್ ಎಂಬ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರವೂ ವಾರ್ನಿಂಗನ್ನು ಮೇಲಿಟ್ಟು ಅದರ ಕೆಳಗೆ ಅಲರ್ಟ್, ಅದರ ಕೆಳಗೆ ವಾಚ್ ಇಡುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರು ಗಮನಿಸಬೇಕಾದದ್ದು: ಅಲ್ಲಿ ಟೊರ್ನೇಡೊ ವಾಚ್ ಎಂದರೆ ಸುಂಟರಗಾಳಿ ಏಳುವ ಪರಿಸ್ಥಿತಿ ಇದೆ, ಟೊರ್ನೇಡೊ ವಾರ್ನಿಂಗ್ ಎಂದರೆ ಸುಂಟರಗಾಳಿ ಕಂಡಿದೆ ಅಥವಾ ರೇಡಾರಿನಲ್ಲಿ ಸಿಕ್ಕಿದೆ, ತಕ್ಷಣ ನೆಲಮಾಳಿಗೆಗೆ ಇಳಿಯಬೇಕು.

ಈ ಏಣಿ ಎಲ್ಲ ಕಡೆ ಒಂದೇ ಎಂದು ನಂಬಿದರೆ ಎಡವುವುದು ವಸ್ತುಗಳ ಮೇಲಿನ ಚೀಟಿಯಲ್ಲಿ. ಯಂತ್ರಗಳ ಮೇಲೆ ಅಮೆರಿಕದ ಆನ್ಸಿ ಮಾನದಂಡದಂತೆ ಡೇಂಜರ್ ಎಲ್ಲಕ್ಕಿಂತ ಮೇಲು: ತಪ್ಪಿಸದಿದ್ದರೆ ಸಾವು ಅಥವಾ ಗಂಭೀರ ಗಾಯ ಆಗಿಯೇ ತೀರುತ್ತದೆ. ವಾರ್ನಿಂಗ್ ಎಂದರೆ ಅದೇ ಅಪಾಯ ಆಗಬಹುದು. ಕಾಷನ್ ಎಂದರೆ ಸಣ್ಣ ಅಥವಾ ಮಧ್ಯಮ ಗಾಯ ಆಗಬಹುದು. ಈಗ ನಮ್ಮ ಹೊಲದ ಮೂಲೆಯಲ್ಲಿರುವ ಕೀಟನಾಶಕದ ಬಾಟಲಿ ಕೈಗೆತ್ತಿಕೊಳ್ಳಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ಅದರ ಚೀಟಿಯ ಮೇಲೆ ಓರೆಯಾಗಿ ನಿಲ್ಲಿಸಿದ ಚೌಕವೊಂದು ಇರಬೇಕು, ಚೀಟಿಯ ಮುಖದ ಹದಿನಾರನೇ ಒಂದು ಭಾಗಕ್ಕಿಂತ ಚಿಕ್ಕದಾಗಿರಬಾರದು. ಚೌಕದ ಕೆಳಗಿನ ತ್ರಿಕೋನದಲ್ಲಿ ಬಣ್ಣ, ಮೇಲಿನದರಲ್ಲಿ ಪದ. ಕೆಂಪಿದ್ದರೆ ಮೇಲೆ ತಲೆಬುರುಡೆ, ಮೂಳೆ ಮತ್ತು ಪಾಯಿಸನ್ ಎಂಬ ಪದ. ಬಾಯಿಯ ಮೂಲಕ ಹೋದರೆ ಮೈತೂಕದ ಪ್ರತಿ ಕಿಲೋಗೆ ಬರೀ 1ರಿಂದ 50 ಮಿಲಿಗ್ರಾಂ ಸಾಕು, ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ವಿಷ; ಈ ಪ್ರಮಾಣ ಚಿಕ್ಕದಾದಷ್ಟೂ ವಿಷ ಹೆಚ್ಚು. ಹಳದಿಗೂ ಪಾಯಿಸನ್, ಆದರೆ ಬುರುಡೆ ಇಲ್ಲ; ಪ್ರಮಾಣ 51ರಿಂದ 500. ನೀಲಿಗೆ ಡೇಂಜರ್, 501ರಿಂದ 5000. ಹಸಿರಿಗೆ ಕಾಷನ್, 5000ಕ್ಕೂ ಮೇಲೆ.

ಅಂದರೆ ಯಂತ್ರದ ಮೇಲೆ ತುತ್ತತುದಿಯಲ್ಲಿದ್ದ ಡೇಂಜರ್ ಇಲ್ಲಿ ಮೂರನೆಯ ಮೆಟ್ಟಿಲಿನಲ್ಲಿದೆ. ಇಂಗ್ಲಿಷ್ ಬಲ್ಲ ಮಗನೋ ಮಗಳೋ ಚೀಟಿ ಓದಿ ‘ಇದರಲ್ಲಿ ಡೇಂಜರ್ ಅಂತಿದೆ, ಅದರಲ್ಲಿ ಬರೀ ಪಾಯಿಸನ್ ಅಂತಿದೆ’ ಎಂದು ಹೇಳಿದರೆ, ಅಪ್ಪ ನೀಲಿ ಬಾಟಲಿಗೆ ಹೆದರಿ ಹಳದಿಯದನ್ನು ಸಲೀಸಾಗಿ ಬರಿಗೈಯಲ್ಲಿ ಮುಟ್ಟಬಹುದು. ಓದುವವರು ಮೊದಲು ಕೆಳಗಿನ ತ್ರಿಕೋನದ ಬಣ್ಣವನ್ನು ಹೇಳಲಿ, ಮೇಲಿನ ಪದವನ್ನು ಆಮೇಲೆ. ಬಣ್ಣ ಮಾಸಿದ್ದರೆ, ಚೀಟಿ ಹರಿದಿದ್ದರೆ, ಆ ಬಾಟಲಿಯನ್ನು ಕೆಂಪಿನದೆಂದೇ ತಿಳಿದು ಕೈಗವಸು ಹಾಕಿಕೊಂಡೇ ಮುಟ್ಟಬೇಕು.